ಹಸರು ತಿಂದ ಹೋರಿ

ಸಿದ್ದಲಿಂಗವ್ವ ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಖಾಲಿ ಗಾಜಿನ ಬಾಟಲಿ ಇಟ್ಟಳು. ಹೆಬ್ಬೆರಳಿನಷ್ಟು ಉದ್ದದ್ದು. ಮೇಲಿನ ಚೀಟಿ ಬೆವರಿಗೆ ನೆನೆದು ಅಕ್ಷರಗಳೆಲ್ಲ ಕಲಸಿಹೋಗಿದ್ದವು.

"ಇಂಥಾದು ಇನ್ನೊಂದು ಮಾಡ್ರಿ ಬಾಯಾರ. ನಮ್ಮ ಹೋರಿ ಎತ್ತರ ಆಗಬೇಕು."

"ಇದನ್ನ ಯಾರು ಮಾಡಿದ್ರು?"

"ಗಾಡಿ ಮ್ಯಾಲ ಒಬ್ಬಾಂವ ಬರ್ತಿದ್ದರಿ. ಮುದ್ದೇಬಿಹಾಳ ಕಡಿಯಾಂವ ಅಂದ. ಬೆಳಿಯೂ ಇಂಜೆಕ್ಷನ್ ಅಂದ. ಮೂರು ಸಲ ಮಾಡಿದ, ಆಮ್ಯಾಲ ಈ ಕಡಿ ಹಾಯಲಿಲ್ಲ."

"ಏನರ ಬೆಳೀತೇನು?"

"ಅವನ ಗಾಡಿ ಹೊಸಾದು ಆತು ನೋಡ್ರಿ," ಎಂದಳು. ಮುಖದಲ್ಲಿ ನಗುವಿರಲಿಲ್ಲ.

ಅದು ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆ. ನಿಡಗುಂದಿಯ ದನದ ದವಾಖಾನೆಗೆ ನಾನು ಬಂದು ಎರಡನೆಯ ವರ್ಷ. ಹೆಣ್ಣು ಡಾಕ್ಟರು ಎತ್ತಿನ ಮೂಗುದಾರ ಹೇಗೆ ಹಿಡಿಯುತ್ತಾಳೆಂದು ನೋಡಲು ಬರುತ್ತಿದ್ದವರು ಆ ಹೊತ್ತಿಗೆ ನೋಡಿ ಮುಗಿಸಿದ್ದರು. ಈಗ ಕೆಲಸವಿದ್ದವರು ಮಾತ್ರ ಬರುತ್ತಿದ್ದರು. ಕೆಲಸವಿದ್ದವರು ನನ್ನನ್ನು ರಾಜೇಶ್ವರಿ ಎಂದು ಕರೆಯದೆ ಬಾಯಾರ ಎಂದು ಕರೆಯುತ್ತಿದ್ದರು. ಹೋರಿಯನ್ನು ನೋಡದೆ ಏನೂ ಹೇಳಲಾರೆ ಎಂದೆ. ಸಿದ್ದಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಸ್ಕೂಟಿಯ ಹಿಂದೆ ಕುಳಿತಳು. ಕಾಲುವೆಯ ದಂಡೆಯ ಮೇಲೆ ಹೋಗುತ್ತ, ನನ್ನ ಬೆನ್ನಿಗೆ ಬಾಯಿ ಹತ್ತಿರ ತಂದು, ಆ ಹೋರಿಯ ಸಂಗತಿ ಹೇಳಿದಳು.

ಅವಳ ಗಂಡ ಬಸಂತರಾಯನ ಹೊಲವೂ ಜೈನುದ್ದೀನನ ಹೊಲವೂ ಒಂದಕ್ಕೊಂದು ಹತ್ತಿದ್ದವು. ಇಬ್ಬರದೂ ಸಣ್ಣ ಹೊಲ. ಜೋಡೆತ್ತು ಸಾಕುವಷ್ಟು ಮೇವು ಇಬ್ಬರಲ್ಲೂ ಇಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ಎತ್ತು ಕಟ್ಟಿ, ಬಿತ್ತುವಾಗ ಎರಡನ್ನೂ ಕೂಡಿಸಿ ಹೂಡುತ್ತಿದ್ದರು; ಮೊದಲು ಒಬ್ಬರ ಹೊಲ, ಆಮೇಲೆ ಇನ್ನೊಬ್ಬರದು. ಹಳೆಯ ಎತ್ತುಗಳಿಗೆ ವಯಸ್ಸಾದ ಮೇಲೆ ಇಬ್ಬರೂ ಹೊರ್ತಿಯ ಕಡೆ ಹೋಗಿ ಒಬ್ಬನೇ ರೈತನ ಮನೆಯಿಂದ ಎರಡು ಕಿಲಾರಿ ಕರು ತಂದರು. ಎರಡೂ ಬಿಳಿ, ಎರಡೂ ಒಂದೇ ಎತ್ತರ. ಒಂದಕ್ಕೆ ಸರ್ಜಾ ಎಂದೂ ಇನ್ನೊಂದಕ್ಕೆ ರಾಜಾ ಎಂದೂ ಬಸಂತರಾಯನೇ ಹೆಸರಿಟ್ಟ. ಸರ್ಜಾ ಜೈನುದ್ದೀನನ ಮನೆಗೆ, ರಾಜಾ ಇವರ ಮನೆಗೆ. ಅದೇ ಮಳೆಗಾಲದಲ್ಲಿ ಬಸಂತರಾಯ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ.

"ಸರ್ಜಾ ಎತ್ತು ಆತ್ರಿ. ನಮ್ಮದು ಕರುನ ಉಳೀತು. ಹಳೇ ಎತ್ತು ಹೋದ ವರ್ಷದ ಬಿತ್ತಿಗಿಗಿ ಮುಗದ್ವು, ಈ ಹಿಂಗಾರಿಗಿ ಇವನ್ನ ಹೂಡಬೇಕು. ಜೋಡಿ ಕೂಡಲಿಲ್ಲ ಅಂದ್ರ ಜೈನು ಬ್ಯಾರೆ ಎತ್ತು ನೋಡಬೇಕಾಗತೈತಿ, ಅವಂದೂ ಹೊಲ ನಡೀಬೇಕಲ್ಲ. ಆಗ ನನ್ನ ಹೊಲ ನಮ್ಮ ಮೈದುನನ ಮಗ ಕಲ್ಮೇಶನ ಕೈಗಿ ಹೋಗತೈತಿ."

"ಟ್ರ್ಯಾಕ್ಟರ್ ಹಚ್ಚಿ ಬಿತ್ತಬಹುದಲ್ರಿ?"

"ಹೊಲಕ್ಕ ಹಾದಿ ಎಲ್ಲೈತ್ರಿ? ಸುತ್ತ ಮಂದಿ ಕಬ್ಬು ನಿಂತೈತಿ. ಟ್ರ್ಯಾಕ್ಟರ್ ಹಾಯಾಕ ಯಾರು ಬಿಡತಾರ? ಎತ್ತು ಬದುವಿನ ಮ್ಯಾಲ ಹೋಗತಾವು. ಬಾಡಗಿ ಎತ್ತು ಅಂದ್ರ, ತಮ್ಮದು ಬಿತ್ತಿ ಮುಗಿಸಿ ಬರ್ತಾರ, ಅಷ್ಟರಾಗ ಹೊಲದ ಹದ ಆರಿರ್ತೈತಿ."

"ಕಲ್ಮೇಶಗ ಹೋದ್ರ ಅಂವ ಏನು ಮಾಡತಾನು?"

"ಕಾಲುವಿಗಿ ಮೋಟರ್ ಇಟ್ಟು ಕಬ್ಬು ಹಚ್ಚತಾನ. ಪಾಲು ಕೊಡತಾನ, ಕೊಡೂದಿಲ್ಲ ಅಂತ ಅಲ್ಲ."

"ಮತ್ತೇನ್ರಿ?"

"ಕಬ್ಬಿನ ರೊಟ್ಟಿ ಆಗತೈತೇನ್ರಿ ಬಾಯಾರ?"

ದಂಡೆಯ ಎರಡೂ ಬದಿಗೆ ಕಬ್ಬು. ಅದರಾಚೆ, ನೀರು ಏರದ ದಿಬ್ಬದ ಮೇಲೆ, ಉಳಿದಿದ್ದ ತನ್ನ ಕರಿಯ ತುಂಡು ಹೊಲವನ್ನು ಕೈಮಾಡಿ ತೋರಿಸಿದಳು. ಹೊಸಬರಿಗೆ ತನ್ನ ಮನೆ ತೋರಿಸುವಂತೆ ತೋರಿಸಿದಳು.

ರಾಜಾನನ್ನು ಬೇವಿನ ಮರದಡಿ ಕಟ್ಟಿದ್ದಳು. ಗೋದಲಿಯ ತುಂಬ ಹಸಿರು. ಕಬ್ಬು ಕಡಿಯುವಾಗ ಮೇಲಿನ ತುದಿಯ ಎಲೆಯನ್ನು ಕತ್ತರಿಸಿ ಸಿವುಡು ಕಟ್ಟುತ್ತಾರೆ. ಅದಕ್ಕೆ ಇಲ್ಲಿ ವಾಡಿ ಎನ್ನುತ್ತಾರೆ. ಅದರದೇ ರಾಶಿ. ಅಷ್ಟು ಹಸಿರಿನ ನಡುವೆ ಆ ಪ್ರಾಣಿ ಮಬ್ಬು ಬಣ್ಣಕ್ಕೆ ತಿರುಗಿತ್ತು. ಕೂದಲು ಒರಟಾಗಿ ಎದ್ದು ನಿಂತಿದ್ದವು. ತಲೆ ದೊಡ್ಡದು, ಎದೆ ಸಣ್ಣದು, ಹೊಟ್ಟೆ ಮಾತ್ರ ಎರಡೂ ಕಡೆ ಉಬ್ಬಿ ಜೋತುಬಿದ್ದಿತ್ತು. ಬಾಯಿ ತೆರೆಸಿ ನೋಡಿದೆ: ಎರಡು ಹಲ್ಲು ಬಂದಿದ್ದವು. ಹಲ್ಲು ಸುಳ್ಳು ಹೇಳುವುದಿಲ್ಲ. ವಯಸ್ಸು ಆಗಿತ್ತು, ಮೈ ಆಗಿರಲಿಲ್ಲ.

ಸುದ್ದಿ ಹೋಗಿ ಜೈನುದ್ದೀನ ಸರ್ಜಾನನ್ನು ಹೊಡೆದುಕೊಂಡು ಬಂದ. ತೆಳ್ಳನೆಯ ಆಳು, ತಲೆಗೆ ಟವೆಲ್ಲು ಸುತ್ತಿದ್ದ. ಎರಡನ್ನೂ ಪಕ್ಕಪಕ್ಕಕ್ಕೆ ನಿಲ್ಲಿಸಿದೆವು. ಬೆನ್ನ ಮೇಲಿನ ಡುಬ್ಬ, ಇಣಿಯ ಹತ್ತಿರ ರಾಜಾ ಒಂದು ಗೇಣು ಗಿಡ್ಡ.

"ರಾಜಾ ಅಂತ ಹೆಸರಿಟ್ಟು ಹೋದ ನಮ್ಮ ದೋಸ್ತ. ಇಲ್ಲಿ ನೋಡಿದ್ರ ರಾಜಾನ ಸಿಪಾಯಿ ಆಗ್ಯಾನ," ಎಂದ ಜೈನುದ್ದೀನ.

"ಸುಮ್ಮಿರೋ ಜೈನು. ನಿನ್ನ ದೃಷ್ಟೀನ ಹತ್ತೈತಿ."

"ನನ್ನ ದೃಷ್ಟಿ ಹತ್ತೂದಾದ್ರ ವೈನಿ, ಈ ಹಸರಿಗಿ ಹತ್ತಬೇಕಾಗಿತ್ತು. ನಮ್ಮ ಸರ್ಜಾಗ ಇದು ಕನಸಿನ್ಯಾಗೂ ಇಲ್ಲ. ಒಣಾದು ತಿಂದು ಬೆಳದೈತಿ ಪಾಪ." ಗೆಳೆಯನ ಹೆಂಡತಿಯನ್ನು ಅವನು ವೈನಿ, ಅತ್ತಿಗೆ ಎಂದೇ ಕರೆಯುತ್ತಿದ್ದ.

ಸರ್ಜಾ ಏನೇನು ತಿನ್ನುತ್ತದೆ ಎಂದು ಕೇಳಿದೆ. ಹೇಳಲು ಅವನಿಗೆ ನಾಚಿಕೆಯಾಯಿತು. ಕಣಕಿ ಎನ್ನುವ ಜೋಳದ ಒಣ ದಂಟು, ತೊಗರಿ ಹೊಟ್ಟು, ಸಂಜೆಗೆ ಬೊಗಸೆ ಶೇಂಗಾ ಹಿಂಡಿ; ಹಿಂಡಿ ಇಲ್ಲದಾಗ ಹತ್ತಿಕಾಳು. ತಮ್ಮ ಕಡೆ ಕಾಲುವೆಯ ನೀರಿಲ್ಲ, ಏನು ಮಾಡುವುದು ಎಂದ. ರಾಜಾ? ಸಿದ್ದಲಿಂಗವ್ವ ಕೊರಳೆತ್ತಿ ಹೇಳಿದಳು: ದೀಪಾವಳಿಯಿಂದ ಯುಗಾದಿಯವರೆಗೆ ವಾಡಿ; ಮಳೆಗಾಲದಲ್ಲಿ ಕಬ್ಬಿನ ಕೆಳಗಿನ ಎಲೆ, ಕಾಲುವೆ ದಂಡೆಯ ಹುಲ್ಲು. ಕಲ್ಮೇಶ ದಿನಾಲು ಹೊರೆ ತಂದು ಹಾಕುತ್ತಾನೆ. ಒಂದು ದಿನವೂ ಗೋದಲಿ ಬರಿದಾಗಿಲ್ಲ. ಒಂದು ದಿನವೂ ಒಣ ಕಡ್ಡಿ ಹಾಕಿಲ್ಲ.

"ನನ್ನ ತವರುಮನಿ ಹೊರ್ತಿರಿ. ಅಲ್ಲಿ ನಾ ಸಣ್ಣಾಕಿ ಇದ್ದಾಗ ಹಸರು ಅನ್ನೂದು ವರ್ಷದಾಗ ಒಂದು ತಿಂಗಳು ನೋಡ್ತಿದ್ವಿ. ನಮ್ಮಪ್ಪ ಹುಲ್ಲು ತಂದ್ರ ಈದ ಆಕಳಿಗಿ ಅಷ್ಟ, ಉಳಿದವು ಮೂಸಿ ನೋಡೂದು. ಈ ಹೋರಿ ತಂದೆ ಸತ್ತ ಕೂಸು ಇದ್ದಂಗ. ಇದಕ್ಕ ಒಣಾದು ಹಾಕಬಾರದು ಅಂತ ಮನಸಿನ್ಯಾಗ ಇಟ್ಟಿದ್ನಿ."

ನಾನೂ ಅದೇ ಕಡೆಯ ಇಂಡಿ ಊರಿನವಳು. ಅವಳು ಹೇಳಿದ್ದು ನನಗೆ ಹೊಸದಲ್ಲ. ನಮ್ಮ ಮನೆಯಲ್ಲೂ ನಿಂಬೆಯ ಗಿಡಗಳಿಗೆ ಬಾವಿಯ ನೀರು ಸಾಲದಾದ ವರ್ಷ ಅಜ್ಜ ಹಸಿರು ಎಂಬ ಮಾತನ್ನು ದೇವರ ಹೆಸರಿನಂತೆ ಹೇಳುತ್ತಿದ್ದ. ಈ ಸೀಮೆಯಲ್ಲಿ ಹಸಿರಿನಲ್ಲೂ ಬಡತನವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಅಷ್ಟು ಕಾಲ ಅದಕ್ಕಾಗಿ ಕಾದವರು ನಾವು. ಕಬ್ಬಿನ ತುದಿಯಲ್ಲಿ ನೀರಿದೆ, ನಾರಿದೆ; ಮೈ ಕಟ್ಟುವ ಸತ್ವ ತೀರ ಕಡಿಮೆ. ಅದರಲ್ಲಿರುವ ಒಂದು ಆಮ್ಲ ಎಲುಬಿಗೆ ಹೋಗಬೇಕಾದ ಸುಣ್ಣವನ್ನು ಹೊಟ್ಟೆಯಲ್ಲೇ ಹಿಡಿದು ಸಗಣಿಗೆ ಕಳಿಸುತ್ತದೆ. ಜೊತೆಗೆ ಬೇರೆ ಮೇವು, ಹಿಂಡಿ ಇದ್ದರೆ ತೊಂದರೆಯಿಲ್ಲ. ಅದೊಂದನ್ನೇ ಹಾಕಿದರೆ ಪ್ರಾಣಿ ಹೊಟ್ಟೆ ತುಂಬ ತಿಂದೂ ಹಸಿದಿರುತ್ತದೆ.

ಬೀದರಿನಲ್ಲಿ ಓದುವಾಗ ನಾನು ಕರುಗಳ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನನ್ನು ಅಳೆದಿದ್ದೆ. ಚೆನ್ನಾಗಿ ತಿಂದ ಕರುಗಳಲ್ಲಿ ಅದು ಹೆಚ್ಚಿರುತ್ತದೆ, ಅರೆಹೊಟ್ಟೆಯವುಗಳಲ್ಲಿ ಕಡಿಮೆ ಇರುತ್ತದೆ ಎಂದುಕೊಂಡಿದ್ದೆ. ಬಂದದ್ದು ತಿರುವುಮುರುವು. ಸೊರಗಿ ನಿಂತ ಕರುಗಳಲ್ಲೇ ಹೆಚ್ಚು. ಪರೀಕ್ಷೆ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೂ ಹಾಗೆಯೇ ಬಂತು. ಮಿದುಳಿನ ಬುಡದ ಗ್ರಂಥಿ ಬೆಳೆ ಬೆಳೆ ಎಂದು ಹೇಳುತ್ತಲೇ ಇರುತ್ತದೆ. ಆ ಮಾತನ್ನು ಕೇಳಿಸಿಕೊಂಡು ಎಲುಬಿಗೆ ದಾಟಿಸಬೇಕಾದದ್ದು ಮುಖ್ಯವಾಗಿ ಪಿತ್ತಜನಕಾಂಗ. ತಿಂದದ್ದರಲ್ಲಿ ಸತ್ವವಿಲ್ಲದಿದ್ದರೆ ಅದು ಕಿವಿ ಮುಚ್ಚಿಕೊಳ್ಳುತ್ತದೆ. ಗ್ರಂಥಿ ಇನ್ನೂ ಜೋರಾಗಿ ಹೇಳುತ್ತದೆ. ಆ ಜೋರು ಮೈಯ ಕೊಬ್ಬನ್ನು ಕರಗಿಸಿ ಜೀವ ಹಿಡಿದಿಡುತ್ತದೆ, ಬೆಳೆಸುವುದಿಲ್ಲ.

ಇದನ್ನು ಬೇವಿನ ಮರದಡಿ ಹೇಗೆ ಹೇಳುವುದು? ತಡವರಿಸುತ್ತ ಹೇಳಿದೆ. ಬಾಟಲಿಯಲ್ಲಿ ಇದ್ದದ್ದು ಏನೆಂದು ನನಗೆ ಗೊತ್ತಿಲ್ಲ. ನಿಜವಾದ ಔಷಧವೇ ಇದ್ದಿದ್ದರೂ, ಇದರ ರಕ್ತದಲ್ಲಿ ಅಂಥದ್ದು ಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಅದನ್ನು ಕೇಳುವವರಿಲ್ಲ ಎಂದೆ. ಸಿದ್ದಲಿಂಗವ್ವ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು.

"ಅಂದ್ರ, ಮನಿ ಕಟ್ಟೂ ಗೌಂಡಿ ಗ್ವಾಡಿ ಮ್ಯಾಲ ಕುಂತು ಕಲ್ಲು ತರ್ರಿ, ಕಲ್ಲು ತರ್ರಿ ಅಂತ ಒದರಾಕತ್ತಾನ. ಕೆಳಗ ಕಲ್ಲಽ ಇಲ್ಲ."

"ಹಂಗಽ ನೋಡ್ರಿ."

"ನಾ ಮತ್ತ ಮೂರು ಮಂದಿ ಗೌಂಡಿ ಕರಿಸಿ ಒದರಿಸಿದ್ನಿ."

ಜೈನುದ್ದೀನ ನಕ್ಕ. ನಗುತ್ತಲೇ ಸರ್ಜಾನ ಕೊರಳ ಗಂಗೆದೊಗಲನ್ನು ಸವರುತ್ತಿದ್ದ. ಆಗ ನಾನು, ಇನ್ನುಮುಂದೆ ರಾಜಾನಿಗೂ ಕಣಕಿ ಹಾಕಬೇಕು, ಇವರ ಹೊಲದಲ್ಲೂ ಜೋಳ ಬೆಳೆಯುತ್ತದಲ್ಲ, ಆ ಕಣಕಿ ಎಲ್ಲಿ ಎಂದು ಕೇಳಿದೆ. ಮನೆಯ ಹಿತ್ತಲಲ್ಲಿ ಬಣವೆಯ ಅಡಿಪಾಯದ ಕಲ್ಲುಗಳಷ್ಟೇ ಇದ್ದವು.

"ನಾ ಜೈನೂಗ ಕೊಟ್ಟೇನಿ," ಎಂದಳು ಸಿದ್ದಲಿಂಗವ್ವ. "ಎರಡು ವರ್ಷದ್ದೂ. ನಮ್ಮನಿಯಾಗ ಹಸರು ಐತಿ, ಅವರ ಮನಿಯಾಗ ಇಲ್ಲ. ನಮ್ಮ ಬಣವಿ ಸುಮ್ಮ ನಿಂತು ಮಳಿಗಿ ಕೊಳಿಯೂದು ಯಾಕ? ಕೊಡಬಾರದಿತ್ತೇನ್ರಿ?"

ಜೈನುದ್ದೀನನ ಕೈ ಸರ್ಜಾನ ಕೊರಳ ಮೇಲೆ ನಿಂತಿತು. ಆಮೇಲೆ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಟವೆಲ್ಲಿಗೆ ಒರೆಸಿಕೊಂಡ.

"ಇನ್ನ ಬೆಳಿತೈತೋ ಇಲ್ಲೋ, ಅಷ್ಟು ಹೇಳ್ರಿ," ಎಂದಳು ಅವಳು.

ಕಾಲಿನ ಎಲುಬಿನ ತುದಿಗಳಲ್ಲಿ ಬೆಳೆಯುವ ಮೆತ್ತನೆಯ ಪಟ್ಟಿಯೊಂದು ಇರುತ್ತದೆ. ವಯಸ್ಸಿಗೆ ಬಂದಂತೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲು ಒಳ್ಳೆಯ ಮೇವು ಸಿಕ್ಕರೆ ಪ್ರಾಣಿ ಕಳೆದದ್ದರಲ್ಲಿ ಒಂದಿಷ್ಟನ್ನು ಓಡಿ ಹಿಡಿಯುತ್ತದೆ. ರಾಜಾನಿಗೆ ಉಳಿದ ಕಾಲ ಸ್ವಲ್ಪ. ಮೈ ಹಿಡಿಯುತ್ತದೆ, ಬಲ ಬರುತ್ತದೆ, ಎತ್ತರ ಪೂರಾ ಬರುವುದಿಲ್ಲ ಎಂದೆ.

"ನಾಕು ಬೆರಳು ಬಂದ್ರೂ ಸಾಕ್ರಿ. ಉಳಿದದ್ದು ಜೈನು ನೋಡ್ಕೋತಾನ."

ಅಂದು ಸಂಜೆಯೇ ಜೈನುದ್ದೀನ ತನ್ನ ಬಣವೆ ಬಿಚ್ಚಿ ಕಣಕಿಯ ಹೊರೆಗಳನ್ನು ಇವರ ಹಿತ್ತಲಿಗೆ ಹೊತ್ತು ಹಾಕಿದನಂತೆ. ಅವನ ಹೆಂಡತಿ ಬಾನುಬಿ ಹಿಂಡಿಯ ಬುಟ್ಟಿ ತಂದಳಂತೆ. ನಾನು ಜಂತಿನ ಔಷಧಿ ಕುಡಿಸಿ, ಖನಿಜದ ಪುಡಿ ಕೊಟ್ಟೆ. ಮುಂದಿನ ವಾರ ಹೋದಾಗ ಕಲ್ಮೇಶ ಸಿಕ್ಕ. ಬೈಕಿನ ಮೇಲೆ ವಾಡಿಯ ಸಿವುಡು ಇಟ್ಟುಕೊಂಡೇ ನಿಂತಿದ್ದ. ಇಳಿಸಲು ಅವನ ದೊಡ್ಡವ್ವ ಸಿದ್ದಲಿಂಗವ್ವ ಬಿಟ್ಟಿರಲಿಲ್ಲ.

"ಹಂಗಾರ ನಾ ಎರಡು ವರ್ಷ ವಿಷ ಹಾಕಿದ್ನೇನ್ರಿ ಬಾಯಾರ? ಊರಾಗ ಹಂಗಽ ಮಾತಾಡಾಕತ್ತಾರ. ಹೊಲ ನುಂಗಾಕ ಹೋರಿ ಸೊರಗಿಸಿದ ಅಂತ."

"ವಿಷ ಅಲ್ರಿ. ಅದರ ಜೋಡಿ ಬ್ಯಾರೆ ಏನೂ ಹಾಕಲಿಲ್ಲ, ಅಷ್ಟ. ನಿಮ್ಮ ಎಮ್ಮಿಗೂ ಇದನ್ನ ಹಾಕ್ತೀರಲ್ಲ?"

"ಎಮ್ಮಿಗಿ ಹಿಂಡಿ ಇಡ್ತೇವ್ರಿ. ಹಾಲು ಕೊಡ್ತಾವು." ಬೈಕಿನ ಮೇಲಿನ ಸಿವುಡನ್ನು ಬಿಗಿದು ಕಟ್ಟುತ್ತ, "ದೊಡ್ಡವ್ವಗ ಹಿಂಡಿ ಕೇಳಾಕ ಸಂಕೋಚ ಆಗಿರಬೇಕು. ನನಗ ಕೊಡಾಕ ಹೊಳೀಲಿಲ್ಲ," ಎಂದ.

ಮಳೆಗಾಲ ಕಳೆಯಿತು. ರಾಜಾನ ಮೈಯ ಮೇಲಿನ ಒರಟು ಕೂದಲು ಉದುರಿ ಹೊಸದು ಬಂತು. ಹೊಟ್ಟೆ ಒಳಗೆ ಹೋಗಿ ಎದೆ ತುಂಬಿತು. ನಡೆಯುವಾಗ ಹಿಂಗಾಲು ಗಟ್ಟಿಯಾಗಿ ಬೀಳತೊಡಗಿದವು. ದವಾಖಾನೆಗೆ ಬಂದವರು ಸಿದ್ದಲಿಂಗವ್ವನ ಹೋರಿಯನ್ನು ಹೊಗಳಿದಾಗ ನನಗೂ ಸಂತೋಷವಾಗುತ್ತಿತ್ತು. ಆದರೆ ನಾನು ಹೋದಾಗಲೆಲ್ಲ ಅವಳು ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ: ಹೋರಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಇಣಿಯ ಮಟ್ಟಕ್ಕೆ ಹಿಂದೆ ತಾನೇ ಎಳೆದಿದ್ದ ಸುಣ್ಣದ ಗೆರೆಯನ್ನು ತೋರಿಸುವುದು. ಇಣಿ ಗೆರೆಯಿಂದ ಎರಡು ಬೆರಳು ಮೇಲೆ ಬಂದಿತ್ತು. ಆಮೇಲೆ ಬರಲಿಲ್ಲ. ಸರ್ಜಾ ಅಷ್ಟರಲ್ಲಿ ಇನ್ನೊಂದು ಬೆರಳು ಬೆಳೆದಿತ್ತು.

ಮಹಾನವಮಿ ಮುಗಿದು ಹದ ಬಂದಾಗ ಹೂಡಿದರು. ಅಂದು ನಾನು ಬೇರೆ ಊರಿಗೆ ಹೊರಟಿದ್ದೆ. ಕಾಲುವೆಯ ದಂಡೆಯ ಮೇಲೆ ಸ್ಕೂಟಿ ನಿಲ್ಲಿಸಿ, ಬದುವಿನ ಮೇಲೆ ನಡೆದು ಹೊಲಕ್ಕೆ ಹೋದೆ. ಸಿದ್ದಲಿಂಗವ್ವ ಎರಡೂ ಎತ್ತಿನ ಹಣೆಗೆ ವಿಭೂತಿ ಹಚ್ಚಿದಳು, ಜೈನುದ್ದೀನ ಬಿಸ್ಮಿಲ್ಲಾ ಎಂದು ನೊಗ ಎತ್ತಿದ. ನೊಗ ಓರೆಯಾಯಿತು. ರಾಜಾನ ಹೆಗಲಿಗೆ ಅವನು ಗೋಣಿತಟ್ಟಿನ ದಪ್ಪ ಸಿಂಬಿ ಇಟ್ಟು ಎತ್ತರ ಮಾಡಿದ. ಆಮೇಲೆ ನೊಗದ ನಡುವಿನ ಕಟ್ಟನ್ನು ಬಿಚ್ಚಿ, ಒಂದು ಹಿಡಿಯಷ್ಟು ಸರ್ಜಾನ ಕಡೆಗೆ ಸರಿಸಿ ಮತ್ತೆ ಬಿಗಿದ. ಕಟ್ಟು ನಡುವಿನಿಂದ ಸರಿದರೆ, ಯಾವ ಕಡೆಗೆ ಸರಿಯುತ್ತದೋ ಆ ಎತ್ತಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ದೂರದ ಎತ್ತಿಗೆ ಹಗುರ. ಸಿದ್ದಲಿಂಗವ್ವ ಇದನ್ನು ನೋಡಿದಳು.

"ಎಷ್ಟು ಸರಿಸ್ತಿ?"

"ಕೂಡುವಷ್ಟು, ವೈನಿ."

ಕೂರಿಗೆ ಹೊರಟಿತು. ಮೊದಲ ಸಾಲು ಸ್ವಲ್ಪ ಬಾಗಿತು, ಎರಡನೆಯದು ನೇರವಾಯಿತು. ಅವಳು ಹಿಂದಿನಿಂದ ಕಾಳು ಬಿಡುತ್ತ ಹೋದಳು. ತಿರುಗಿ ಬರುವಾಗ ಅವಳ ಮುಖದಲ್ಲಿದ್ದ ನಗುವನ್ನು ನಾನು ಆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವಳ ಹೊಲದ ಮುಕ್ಕಾಲು ಪಾಲು ಬಿತ್ತಿದ ಮೇಲೆ ನನಗೆ ಕರೆ ಬಂತು. ಕರೆಸಿದವಳು ಅವಳೇ. ಹೋಗಿ ನೋಡಿದರೆ ಎತ್ತುಗಳನ್ನು ಹೊಲದ ನಡುವೆಯೇ ಬಿಚ್ಚಿ ನಿಲ್ಲಿಸಿದ್ದರು. ಸರ್ಜಾನ ಹೆಗಲು ಬಾತು ಕೆಂಪಗಾಗಿತ್ತು. ನೊಗ ತಾಗುವಲ್ಲಿ ಚರ್ಮ ಸುಲಿದು ನೀರು ಒಸರುತ್ತಿತ್ತು. ಮುಟ್ಟಹೋದರೆ ಕೊರಳನ್ನು ಆಚೆ ತಿರುಗಿಸಿತು.

"ಸಣ್ಣ ಗಾಯರಿ, ಮಾಯತೈತಿ," ಎಂದ ಜೈನುದ್ದೀನ. "ಉಳಿದದ್ದು ಒಂದು ಮುಂಜಾನಿ ಕೆಲಸ."

"ಆಮ್ಯಾಲ ನಿನ್ನ ಹೊಲ?" ಎಂದಳು ಸಿದ್ದಲಿಂಗವ್ವ. "ಅದನ್ನ ಈ ಹೆಗಲಿಲೆ ಬಿತ್ತತಿಯೇನು? ಮುಂದಿನ ವರ್ಷ? ಅದರ ಮುಂದಿನ ವರ್ಷ? ನನ್ನ ಹೋರಿ ಇನ್ನ ಬೆಳಿಯೂದಿಲ್ಲ ಜೈನು. ನಿಂದು ಸವದು ನಂದರಷ್ಟು ಆಗಬೇಕೇನು?"

"ವೈನಿ, ನಿಮ್ಮ ಕಣಕಿ ತಿಂದು ಬೆಳದದ್ದು ಅದು. ಅದರ ಹೆಗಲಿನ್ಯಾಗ ನಿಮ್ಮ ಪಾಲೂ ಐತಿ."

"ಮೇವು ಕೊಟ್ಟಾಕಿ ನಾನು, ಹೆಗಲು ಕೇಳಾಕಲ್ಲ."

ಅವನು ನನ್ನ ಮುಖ ನೋಡಿದ. ಬಾಯಾರ ಏನಾದರೂ ಹೇಳಲಿ ಎಂದು ನೋಡಿದ. ಕೆಲವು ದಿನ ಬಿಟ್ಟರೆ ಹುಣ್ಣು ಮಾಯುತ್ತದೆ, ಮತ್ತೆ ಇದೇ ಜೋಡಿ ಹೂಡಿದರೆ ಮತ್ತೆ ಬರುತ್ತದೆ ಎಂದೆ. ಹುಣ್ಣು ತೊಳೆದು ಮುಲಾಮು ಹಚ್ಚುವಾಗ ಸಿದ್ದಲಿಂಗವ್ವ ಸರ್ಜಾನ ಮೂಗುದಾರ ಹಿಡಿದು ನಿಂತಿದ್ದಳು. ರಾಜಾ ಸ್ವಲ್ಪ ದೂರದಲ್ಲಿ, ಸಿಂಬಿ ಕಳಚಿದ ಹೆಗಲಿನ ಮೇಲೆ ಒಂದು ಗೀರೂ ಇಲ್ಲದೆ, ಬದುವಿನ ಒಣ ಹುಲ್ಲನ್ನು ಆಯ್ದು ತಿನ್ನುತ್ತಿತ್ತು.

ಜೈನುದ್ದೀನ ಇಂಡಿಯ ಕಡೆ ಹೋಗಿ ಸರ್ಜಾನ ಎತ್ತರದ ಇನ್ನೊಂದು ಎತ್ತು ತಂದ. ಎರಡನ್ನೂ ಸಾಕುವ ಹೊಣೆ ಈಗ ಅವನೊಬ್ಬನದೇ. ಆ ಜೋಡಿಯಿಂದಲೇ ಅವಳ ಉಳಿದ ಕಾಲು ಪಾಲು ಬಿತ್ತುತ್ತೇನೆಂದು ಎರಡು ಸಲ ಬಂದು ಹೇಳಿದನಂತೆ. ಮೊದಲು ನಿನ್ನದು ಬಿತ್ತು ಎಂದಳಂತೆ. ಅವನದು ಮುಗಿಯುವಷ್ಟರಲ್ಲಿ ಹದ ಆರಿತ್ತು. ಬಿತ್ತಿದ ಮುಕ್ಕಾಲು ಪಾಲಿನ ಜೋಳವನ್ನು ಆ ವರ್ಷ ತಿಂದಳು. ಕೂಡಿಸಲು ತನ್ನದೊಂದು ಎತ್ತಿಲ್ಲದೆ ಜೈನುದ್ದೀನನ ಜೋಡಿ ಕೇಳಲು ಒಪ್ಪದೆ, ಸುಗ್ಗಿಯಾದ ಮೇಲೆ ಕಲ್ಮೇಶನನ್ನು ತಾನೇ ಕರೆಸಿ ಹೊಲ ಕೊಟ್ಟಳು. ಅವನು ಬೇಡವೆಂದು ಒಂದು ವಾರ ಬರಲಿಲ್ಲ. ಊರಿನ ಮಾತಿಗೆ ಅಂಜಿದ್ದ. ಕೊನೆಗೆ ಬಂದ.

ರಾಜಾನನ್ನು ಮಾರಲಿಲ್ಲ. ಜೋಡಿಯಿಲ್ಲದ ಗಿಡ್ಡ ಎತ್ತನ್ನು ಕೊಳ್ಳುವವರು ಯಾರೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಸಿಂದಗಿಗೆ ವರ್ಗವಾಗುವ ಮೊದಲು ಒಮ್ಮೆ ಅವಳ ಮನೆಗೆ ಹೋದೆ. ಕಬ್ಬು ಕಡಿಯುವ ಕಾಲ. ರಾಜಾ ಬೇವಿನ ಮರದಡಿ ಮಿರಮಿರ ಮಿಂಚುತ್ತ ನಿಂತಿತ್ತು. ಗೋದಲಿಯಲ್ಲಿ ಕಣಕಿ ಇತ್ತು, ಜೈನುದ್ದೀನನ ಬಣವೆಯದು. ಇವಳ ಹೊಲದಲ್ಲಿ ಈಗ ಕಣಕಿ ಬೆಳೆಯುತ್ತಿರಲಿಲ್ಲ. ಅವಳು ಒಲೆಯ ಮುಂದೆ ಪೇಟೆಯ ಜೋಳದ ಹಿಟ್ಟು ನಾದುತ್ತಿದ್ದಳು. ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಹರಿಯುತ್ತದೆ ಎಂದು ಬೈದಳು. ನಾನು ಕುಳಿತಿದ್ದಾಗಲೇ ಕಲ್ಮೇಶನ ಆಳೊಬ್ಬ ಬಂದು ಅಂಗಳದಲ್ಲಿ ವಾಡಿಯ ಹೊರೆ ಇಳಿಸಿದ. ನಿಮ್ಮ ಹೊಲದ್ದು, ಮೊದಲ ಕಡಿತದ್ದು, ಧಣಿ ಕಳಿಸಿದ್ದಾರೆ ಎಂದು ಹೇಳಿ ಹೋದ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಬಂದಳು. ಕಡುಹಸಿರು, ಇನ್ನೂ ಇಬ್ಬನಿ ಆರಿರಲಿಲ್ಲ. ರಾಜಾ ಕಣಕಿ ಬಿಟ್ಟು ತಲೆಯೆತ್ತಿ ಅದರ ಕಡೆ ಹಗ್ಗ ಜಗ್ಗಿತು.

"ಒಂದೀಟು ಹಾಕಬಹುದ್ರಿ," ಎಂದೆ. "ಕಣಕಿ ಜೋಡಿ ಒಂದೀಟು ಹಾಕಿದ್ರ ಏನೂ ಆಗೂದಿಲ್ಲ."

"ಇನ್ನೇನು ಆಗೂದೈತ್ರಿ ಇದಕ್ಕ," ಎಂದಳು.

ಸಿವುಡು ಬಿಚ್ಚಲಿಲ್ಲ, ತೆಗೆಸಲೂ ಇಲ್ಲ. ಒಳಗೆ ಹೋಗಿ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. ನಾನು ಹೊರಡುವಾಗ ಹೊರೆ ಇಳಿಸಿದಲ್ಲೇ ಇತ್ತು, ಬಿಸಿಲು ಅದರ ಮೇಲೆ ಬರತೊಡಗಿತ್ತು. ಹೋರಿ ಇನ್ನೂ ಹಗ್ಗ ಜಗ್ಗುತ್ತಿತ್ತು.